ತೆರಹನ ಅರವತ್ತು ವರ್ಷ

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಹನ್ನೊಂದನೆಯ ಅಧ್ಯಾಯ ಮುಗಿಯುವುದು ಒಂದು ಸಾವಿನ ಸುದ್ದಿಯಿಂದ. ಅಬ್ರಾಮನ (ಮುಂದೆ ಅಬ್ರಹಾಮನೆಂದು ಹೆಸರಾದವನು ಇವನೇ) ತಂದೆ ತೆರಹ ಹಾರಾನ್ ಎಂಬ ಊರಿನಲ್ಲಿ 205 ವರ್ಷ ತುಂಬಿ ತೀರಿಕೊಂಡ ಅಂತ ಅಲ್ಲಿದೆ. ಅದರ ಮುಂದಿನ ವಾಕ್ಯವೇ ಹನ್ನೆರಡನೆಯ ಅಧ್ಯಾಯದ ಆರಂಭ. ದೇಶವನ್ನೂ ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು ತಾನು ತೋರಿಸುವ ನಾಡಿಗೆ ಹೊರಡಬೇಕೆಂದು ದೇವರು ಅಬ್ರಾಮನಿಗೆ ಹೇಳುತ್ತಾನೆ. ಅಬ್ರಾಮ ಹೊರಡುತ್ತಾನೆ. ಓದುವವರಿಗೆ ಅನ್ನಿಸುವುದು ಇಷ್ಟೇ: ಅಪ್ಪ ಸತ್ತ, ಮಾಡಬೇಕಾದ್ದೆಲ್ಲ ಮುಗಿಯಿತು, ಮಗ ಊರು ಬಿಟ್ಟ. ಇದರಲ್ಲಿ ವಿಶೇಷವೇನು?

ಲೆಕ್ಕ ಹಾಕಿದರೆ ವಿಶೇಷ ಕಾಣುತ್ತದೆ. ತೆರಹನಿಗೆ ಮಕ್ಕಳಾದದ್ದು 70ನೆಯ ವಯಸ್ಸಿಗೆ. ಹಾರಾನ್ ಬಿಟ್ಟಾಗ ಅಬ್ರಾಮನಿಗೆ 75. ಎಪ್ಪತ್ತಕ್ಕೆ ಎಪ್ಪತ್ತೈದು ಕೂಡಿಸಿದರೆ 145. ಅಂದರೆ ಮಗ ಗಂಟುಮೂಟೆ ಕಟ್ಟಿದ ದಿನ ಅಪ್ಪನಿಗೆ 145 ವರ್ಷ. ಸತ್ತದ್ದು 205ರಲ್ಲಿ. ನಡುವೆ ಉಳಿದದ್ದು 60. ಅಪ್ಪ ಸತ್ತ ಮೇಲೆ ಮಗ ಹೊರಟದ್ದಲ್ಲ. ಮಗ ಹೊರಟ ಮೇಲೆ ಅಪ್ಪ ಇನ್ನೂ ಅರವತ್ತು ವರ್ಷ ಬದುಕಿದ್ದ.

ಈ ಅರವತ್ತು ವರ್ಷದ ಬಗ್ಗೆ ಗ್ರಂಥ ಒಂದು ಮಾತೂ ಆಡುವುದಿಲ್ಲ. ಮುದುಕ ಏನು ಮಾಡಿಕೊಂಡಿದ್ದ, ಯಾರು ನೋಡಿಕೊಂಡರು, ಮಗನ ಸುದ್ದಿ ಏನಾದರೂ ಬರುತ್ತಿತ್ತೇ, ಏನೂ ಇಲ್ಲ. ಎರಡು ಸಾವಿರ ವರ್ಷಗಳ ಉದ್ದಕ್ಕೂ ಬೈಬಲನ್ನು ಓದಿದವರು ಈ ಮೌನವನ್ನು ಹೇಗೆ ನಿಭಾಯಿಸಿದರು ಅಂತ ನೋಡುತ್ತ ಹೋದರೆ ಬೈಬಲ್ ವ್ಯಾಖ್ಯಾನದ ಚರಿತ್ರೆಯೇ ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಬೀಳುತ್ತದೆ. ಹೊರನಾಡಿನಲ್ಲಿ ಕೂತು ಓದುವ ನಮ್ಮಂಥವರಿಗೆ ಅದರಲ್ಲಿ ಇನ್ನೂ ಒಂದು ಸಂಗತಿ ಕಾಣುತ್ತದೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಕ್ರೈಸ್ತನಲ್ಲ, ಯೆಹೂದಿಯೂ ಅಲ್ಲ. ಓದಿದ್ದು ಎಂ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಪುಣೆಯ ಕ್ಯಾಂಪ್ ಭಾಗದಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಗೋಪುರದ ಒಂದು ಸಿನಗಾಗ್ ಇದೆ. ಬಾಗ್ದಾದಿನಿಂದ ಬಂದ ವ್ಯಾಪಾರಿ ಡೇವಿಡ್ ಸಸೂನನ ಹಣದಿಂದ 1860ರ ದಶಕದಲ್ಲಿ ಕಟ್ಟಿದ್ದು. ಊರವರು ಅದನ್ನು ಲಾಲ್ ದೇವಳ ಅನ್ನುತ್ತಾರೆ. ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ಬೆನೆ ಇಸ್ರೇಲ್ ಹಿರಿಯರು ಅಚ್ಚ ಮರಾಠಿಯಲ್ಲಿ ಮಾತಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಮ್ಮ ಜನ ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿ ಹಾಡುತ್ತಿದ್ದರು ಅಂತ ನನಗೆ ಮೊದಲು ಹೇಳಿದವರು ಅವರೇ. ಮೋಸೆಯ ಕಥೆಗೆ ತಾಳ, ಹಾರ್ಮೋನಿಯಂ! ಆ ಕುತೂಹಲ ನಿವೃತ್ತಿಯ ನಂತರ ಓದಾಗಿ ಬೆಳೆಯಿತು. ಸಂಜೆ ಏಳರಿಂದ ಒಂಬತ್ತು, ಮನೆಯಲ್ಲಿ ಧಾರಾವಾಹಿ ಓಡುವ ಹೊತ್ತು, ನಾನು ಒಳಕೋಣೆಯಲ್ಲಿ ಹಳೆಯ ವ್ಯಾಖ್ಯಾನಗಳ ಇಂಗ್ಲಿಷ್ ಅನುವಾದಗಳನ್ನು ಇಟ್ಟುಕೊಂಡು ಕೂರುತ್ತೇನೆ.

ಮೊದಲು ಅಂಕಿ ತಿದ್ದಿದವರ ವಿಷಯ. ಸಮಾರ್ಯದವರ ಹತ್ತಿರ ಮೋಸೆಯ ಐದು ಪುಸ್ತಕಗಳ ಅವರದೇ ಆದ ಪಾಠವೊಂದಿದೆ. ಅದರಲ್ಲಿ ತೆರಹ ಸತ್ತದ್ದು 205ಕ್ಕಲ್ಲ, 145ಕ್ಕೆ. ಬ್ಯಾಲೆನ್ಸ್ ಶೀಟು ಒಂದು ಪೈಸೆ ವ್ಯತ್ಯಾಸವಿಲ್ಲದೆ ಕೂಡಿಬಂತು. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ಸ್ತೆಫನನು ಭಾಷಣ ಮಾಡುವಾಗಲೂ ತಂದೆ ಸತ್ತ ಮೇಲೆಯೇ ಅಬ್ರಹಾಮ ಅಲ್ಲಿಂದ ಹೊರಟ ಎನ್ನುತ್ತಾನೆ. ಆ ಮಾತನ್ನು ಸುಳ್ಳು ಅನ್ನಲಾಗದ ಕ್ರೈಸ್ತ ಪಂಡಿತರು ಬೇರೆ ದಾರಿ ಹಿಡಿದರು. ತೆರಹನ ಮೂವರು ಮಕ್ಕಳಲ್ಲಿ ಅಬ್ರಾಮನ ಹೆಸರು ಮೊದಲು ಬಂದಿರುವುದು ಗೌರವಕ್ಕಾಗಿ, ಅವನು ಹಿರಿಯನೇನಲ್ಲ, ಅಪ್ಪನಿಗೆ 130 ಆದಾಗ ಹುಟ್ಟಿದವನು ಅಂದರು. 130ಕ್ಕೆ 75 ಕೂಡಿಸಿದರೆ 205. ಜಗತ್ತು ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಲೆಕ್ಕ ಕೊಟ್ಟ ಐರ್ಲೆಂಡಿನ ಆರ್ಚ್‌ಬಿಷಪ್ ಅಶ್ಶರ್ ಕೂಡ ಹಿಡಿದದ್ದು ಇದೇ ದಾರಿ.

ಇವರನ್ನು ನಾನು ನಗೆಯಾಡುವುದಿಲ್ಲ. ಲೆಕ್ಕ ಕೂಡದಿದ್ದಾಗ ಎಲ್ಲೋ ಒಂದು ಎಂಟ್ರಿ ತಪ್ಪಿರಬೇಕು ಅಂತ ಹುಡುಕುವುದು ನಮ್ಮ ಕಸುಬಿನಲ್ಲೂ ಮೊದಲ ಕೆಲಸ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಒಂದು ಮಾತು ಹೇಳಲೇಬೇಕು. ಇವರೆಲ್ಲ ಅಪ್ಪನನ್ನು ಬೇಗ ಸಾಯಿಸಿ, ಇಲ್ಲವೇ ಮಗನನ್ನು ತಡವಾಗಿ ಹುಟ್ಟಿಸಿ, ಕಥೆಯಲ್ಲಿದ್ದ ನೋವನ್ನೇ ತೆಗೆದುಹಾಕಿದರು. ವ್ಯಾಖ್ಯಾನ ಅಚ್ಚುಕಟ್ಟಾಯಿತು, ತೆರಹ ಮಾತ್ರ ಕಳೆದುಹೋದ.

ಎರಡನೆಯ ಬಗೆ ಅಲೆಕ್ಸಾಂಡ್ರಿಯದ ಫೈಲೋನದು. ಕ್ರಿಸ್ತನ ಕಾಲದ ಆಸುಪಾಸಿನಲ್ಲಿ ಬದುಕಿದ್ದ ಯೆಹೂದಿ ತತ್ತ್ವಜ್ಞಾನಿ. ಅವನ ಊರಿನ ಕಥೆ ನಮಗೆ ಚೆನ್ನಾಗಿ ಅರ್ಥವಾಗುವಂಥದು. ಈಜಿಪ್ಟಿನ ಆ ಬಂದರು ನಗರದಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಯೆಹೂದಿಗಳಿಗೆ ಹೀಬ್ರೂ ಕೈತಪ್ಪಿತ್ತು, ಗ್ರೀಕ್ ಮನೆಮಾತಾಗಿತ್ತು. ಅದಕ್ಕೇ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಮೋಸೆಯ ಪುಸ್ತಕಗಳು ಗ್ರೀಕಿಗೆ ಬಂದವು. ಆ ಅನುವಾದದ ನೆನಪಿಗೆ ಅಲೆಕ್ಸಾಂಡ್ರಿಯದವರು ವರ್ಷಕ್ಕೊಮ್ಮೆ ಫಾರೋಸ್ ದ್ವೀಪದಲ್ಲಿ ಹಬ್ಬ ಮಾಡುತ್ತಿದ್ದರು ಅಂತ ಫೈಲೋನೇ ಬರೆದಿದ್ದಾನೆ. ಎಷ್ಟೋ ಶತಮಾನಗಳ ನಂತರದ ಒಂದು ರಬ್ಬಿಗಳ ಗ್ರಂಥ ಅದೇ ಅನುವಾದದ ದಿನವನ್ನು, ಬಂಗಾರದ ಬಸವನನ್ನು ಮಾಡಿ ಪೂಜಿಸಿದ ದಿನದಷ್ಟೇ ಕೆಟ್ಟ ದಿನ ಅಂದಿತು. ಹೊರನಾಡಿನವರ ಹಬ್ಬ ಇನ್ನೊಬ್ಬರಿಗೆ ಸೂತಕ. ಮೊಮ್ಮಗನಿಗೆ ಬಸವಣ್ಣನ ವಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟವರಿಗೆ ಈ ಎರಡೂ ಮಾತು ತಟ್ಟುತ್ತವೆ.

ದೇಶ, ಬಂಧುಬಳಗ, ತಂದೆಯ ಮನೆ ಎಂಬ ಮೂರನ್ನು ಫೈಲೋ ಓದುವ ರೀತಿಯೇ ಬೇರೆ. ದೇಶವೆಂದರೆ ದೇಹ, ಬಂಧುಗಳೆಂದರೆ ಇಂದ್ರಿಯಗಳು, ತಂದೆಯ ಮನೆಯೆಂದರೆ ಮಾತು. ಈ ಮೂರನ್ನೂ ದಾಟಿ ಆತ್ಮ ಮೇಲಕ್ಕೆ ಹೋಗಬೇಕು, ಅಬ್ರಾಮನ ಪ್ರಯಾಣದ ತಾತ್ಪರ್ಯ ಅದು. ನಮ್ಮ ಹರಿಕಥೆ ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಕುರುಕ್ಷೇತ್ರವೆಂದರೆ ಈ ದೇಹವೇ ಅಂತ ದಾಸರು ಹೇಳಿದ್ದನ್ನು ಎಷ್ಟು ಸಲ ಕೇಳಿಲ್ಲ! ಫೈಲೋನನ್ನು ಬರೀ ಹಾರಿಕೆಯ ಮನುಷ್ಯ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಒಳಗಿನ ಅರ್ಥ ತಿಳಿಯಿತು ಅಂತ ಹಬ್ಬಹರಿದಿನ, ಆಚಾರಗಳನ್ನು ಬಿಟ್ಟುಬಿಡುವವರನ್ನು ಅವನು ಅದೇ ಪುಸ್ತಕದಲ್ಲಿ ತಪ್ಪು ಅಂತ ಹೇಳುತ್ತಾನೆ. ಕ್ರಿ.ಶ. 38ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಯೆಹೂದಿಗಳ ಮೇಲೆ ದಂಗೆ ನಡೆದಾಗ ಅವರ ಪರವಾಗಿ ಚಕ್ರವರ್ತಿಯನ್ನು ಕಾಣಲು ರೋಮಿಗೆ ಹೋದ ನಿಯೋಗದ ಮುಖಂಡ ಇವನೇ. ಆದರೂ ಈ ವಾಕ್ಯದ ಮಟ್ಟಿಗೆ ಅವನ ಓದು ನನಗೆ ಒಗ್ಗುವುದಿಲ್ಲ. ತಂದೆಯ ಮನೆ ಬರೀ ಮಾತಾಗಿಬಿಟ್ಟರೆ ಆ ಮನೆಯೊಳಗೆ ಕೂತಿರುವ ತಂದೆಗೆ ಸಂಜೆ ಔಷಧಿ ಕೊಡುವವರು ಯಾರು?

ಮೂರನೆಯ ಬಗೆ ಬೆರೇಶಿತ್ ರಬ್ಬಾ ಎಂಬ ಗ್ರಂಥದ್ದು. ಸುಮಾರು ಐದನೆಯ ಶತಮಾನದಲ್ಲಿ ಪ್ಯಾಲೆಸ್ತೀನಿನ ರಬ್ಬಿಗಳ ಮಾತುಗಳನ್ನು ಕೂಡಿಸಿ ಕಟ್ಟಿದ ಆದಿಕಾಂಡದ ವ್ಯಾಖ್ಯಾನ. ಪದ ಪದಕ್ಕೂ ಪ್ರಶ್ನೆ ಕೇಳುತ್ತ, ಕಥೆಗಾರ ಬಿಟ್ಟ ಜಾಗದಲ್ಲಿ ಹೊಸ ಸಂಭಾಷಣೆ ತುಂಬುತ್ತ ಹೋಗುವುದು ಅದರ ಕ್ರಮ. ಈ ರಬ್ಬಿಗಳಿಗೆ ಲೆಕ್ಕ ಕೂಡುವುದಿಲ್ಲ ಅನ್ನುವುದು ಗೊತ್ತಿತ್ತು. ಅವರು ಅಂಕಿಗೆ ಕೈಹಾಕಲಿಲ್ಲ, ಅಬ್ರಾಮನ ಮನಸ್ಸಿಗೆ ಕೈಹಾಕಿದರು. ವಯಸ್ಸಾದ ಅಪ್ಪನನ್ನು ಬಿಟ್ಟು ಹೊರಟುಹೋದ ಅಂತ ಜನ ಆಡಿಕೊಂಡರೆ ದೇವರ ಹೆಸರಿಗೇ ಕಳಂಕವಲ್ಲವೇ ಎಂದು ಅಬ್ರಾಮ ಹೆದರಿದನಂತೆ. ಆಗ ದೇವರು ಹೇಳಿದ್ದು: ತಂದೆತಾಯಿಯನ್ನು ಗೌರವಿಸುವ ಕರ್ತವ್ಯದಿಂದ ನಿನಗೆ ವಿನಾಯಿತಿ ಕೊಡುತ್ತೇನೆ, ನಿನ್ನನ್ನು ಬಿಟ್ಟು ಇನ್ನಾರಿಗೂ ಕೊಡುವುದಿಲ್ಲ. ಅದರ ಮೇಲೆ, ನೀನು ಹೊರಡುವ ಮೊದಲೇ ಅವನು ಸತ್ತನೆಂದು ಬರೆಸುತ್ತೇನೆ.

ಇದರ ಹಿಂದೆ ಒಂದು ಭಾಷಾ ಸೂಕ್ಷ್ಮವಿದೆ. ಹೊರಡು ಅನ್ನುವ ಕಡೆ ಹೀಬ್ರೂ ಮೂಲದಲ್ಲಿ 'ಲೆಖ್ ಲೆಖಾ' ಅಂತ ಎರಡು ಪದಗಳಿವೆ. ಮೊದಲನೆಯದು ಹೋಗು, ಎರಡನೆಯದು ನಿನಗೆ, ನಿನಗಾಗಿ. ಕನ್ನಡದಲ್ಲಿ ನೋಡಿಕೋ, ಮಾಡಿಕೋ ಅನ್ನುವಾಗ ಕೊನೆಯಲ್ಲಿ ಸೇರುವ 'ಕೋ' ಇಂಥದೇ ಕೆಲಸ ಮಾಡುತ್ತದೆ, ಆದರೆ ಹೋಗು ಎಂಬುದಕ್ಕೆ ಅದು ಹೊಂದುವುದಿಲ್ಲ. ಆ 'ನಿನಗೆ' ಎಂಬ ಸಣ್ಣ ಪದವನ್ನು ಹಿಡಿದು ರಬ್ಬಿಗಳು, ವಿನಾಯಿತಿ ನಿನಗೆ ಮಾತ್ರ ಅಂದರು. ನನ್ನ ಓದಿನಲ್ಲಿ ಈ ವಾಕ್ಯಕ್ಕೆ ಬಂದ ವ್ಯಾಖ್ಯಾನಗಳಲ್ಲೆಲ್ಲ ಮಾನವೀಯವಾದದ್ದು ಇದು. ಮಗ ಹೊರಡಲೇಬೇಕಿತ್ತು ಎಂಬುದನ್ನೂ ಇದು ಒಪ್ಪುತ್ತದೆ, ಹೊರಡುವುದರಲ್ಲಿ ಒಂದು ಋಣ ಬಾಕಿ ಉಳಿಯುತ್ತದೆ ಎಂಬುದನ್ನೂ ಒಪ್ಪುತ್ತದೆ. ವಿನಾಯಿತಿಯನ್ನು ಕೊಟ್ಟ ಕೈಯಲ್ಲೇ ಬಾಗಿಲು ಹಾಕುತ್ತದೆ, ಮುಂದಿನವರು ಅಬ್ರಹಾಮನ ಹೆಸರು ಹೇಳಿಕೊಂಡು ಜಾರಿಕೊಳ್ಳದ ಹಾಗೆ.

ಈಗ ರಾಶಿ. ಇದು ನಮ್ಮ ಸುಗ್ಗಿಯ ರಾಶಿಯಲ್ಲ. ರಬ್ಬಿ ಶ್ಲೊಮೊ ಯಿಟ್ಸ್‌ಹಾಕಿ ಎಂಬ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಫ್ರಾನ್ಸಿನ ತ್ರ್ವಾ ಪಟ್ಟಣದವನು, ಕಾಲ 1040ರಿಂದ 1105. ಯೆಹೂದಿ ಮನೆಗಳಲ್ಲಿ ಇವತ್ತಿಗೂ ಮಕ್ಕಳು ಬೈಬಲ್ ಕಲಿಯುವುದು ಇವನ ವ್ಯಾಖ್ಯಾನದ ಜೊತೆಗೇ. ಮುದ್ರಣದ ದಿನಾಂಕವಿರುವ ಮೊಟ್ಟಮೊದಲ ಹೀಬ್ರೂ ಪುಸ್ತಕ ಇವನ ವ್ಯಾಖ್ಯಾನವೇ, 1475ರಲ್ಲಿ ಇಟಲಿಯಲ್ಲಿ ಅಚ್ಚಾದದ್ದು. ಕಷ್ಟದ ಹೀಬ್ರೂ ಪದ ಬಂದರೆ ತನ್ನ ಊರಿನವರು ಆಡುವ ಫ್ರೆಂಚ್ ಪದವನ್ನೇ ಹೀಬ್ರೂ ಅಕ್ಷರದಲ್ಲಿ ಬರೆದು ಅರ್ಥ ಹೇಳುತ್ತಾನೆ. ಅಂಥ ಪದಗಳು ಸಾವಿರಕ್ಕೂ ಹೆಚ್ಚು. ಹಳೆಯ ಫ್ರೆಂಚ್ ಅಧ್ಯಯನ ಮಾಡುವವರಿಗೆ ಅವು ಈಗ ಅಮೂಲ್ಯ ಆಕರ. ಪರದೇಶದ ಮಾತಿನಿಂದ ನಾಚಿಕೆಪಡದೆ ಮೂಲದ ಸೇವೆ ಮಾಡಿಸಿಕೊಂಡವನು.

ಹೊರಡು ಎಂಬ ಆಜ್ಞೆಯ ಹಿಂದೆಯೇ ದೇವರು ಮೂರು ಆಶ್ವಾಸನೆ ಕೊಡುತ್ತಾನೆ: ದೊಡ್ಡ ಜನಾಂಗವಾಗುವೆ, ಆಶೀರ್ವಾದ ಪಡೆಯುವೆ, ಹೆಸರು ದೊಡ್ಡದಾಗುವುದು. ಮೂರೇ ಯಾಕೆ? ರಾಶಿಯ ಉತ್ತರ: ಪ್ರಯಾಣ ಮನುಷ್ಯನಿಂದ ಮೂರನ್ನು ಕಡಿಮೆ ಮಾಡುತ್ತದೆ, ಸಂತಾನ, ಹಣ, ಹೆಸರು. ಅದಕ್ಕೇ ಮೂರು ಆಶೀರ್ವಾದ ಬೇಕಾಯಿತು. ಇದನ್ನು ಓದಿದ ದಿನ ನಾನು ಪುಸ್ತಕ ಕೆಳಗಿಟ್ಟು ನಕ್ಕೆ. ಅಬ್ರಾಮನಿಗೆ ಬಂದದ್ದು ಜಾಗದ ಹೆಸರು ಬರೆಯದ ಒಂದು ಟ್ರಾನ್ಸ್‌ಫರ್ ಆರ್ಡರ್. ನಮ್ಮಂಥವರಿಗೆ ಹೆಡ್ ಆಫೀಸು ಸಾಮಾನು ಸಾಗಿಸಿದ ಬಿಲ್ಲನ್ನಷ್ಟೇ ಪಾಸು ಮಾಡುತ್ತಿತ್ತು. ಹೆಸರಿನ ವಿಷಯ ಯಾವ ಸರ್ಕ್ಯುಲರಿನಲ್ಲೂ ಇರಲಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಇಂಥವರ ಮಗ ಅಂದರೆ ಸಾಕಿತ್ತು, ಕಿರಾಣಿ ಅಂಗಡಿಯಲ್ಲಿ ಉದ್ರಿ ಸಿಗುತ್ತಿತ್ತು. ಪುಣೆಯಲ್ಲಿ ಮನೆ ಬಾಡಿಗೆಗೆ ಕೇಳುವಾಗ ಆ ಹೆಸರು ಚಲಾವಣೆಯಲ್ಲಿರಲಿಲ್ಲ. ವಲಸೆಯ ಖರ್ಚನ್ನು ಇಷ್ಟು ಖಚಿತವಾಗಿ ಬರೆದವರು ಕಡಿಮೆ.

ಅಂಥ ರಾಶಿ ತೆರಹನ ವಿಷಯಕ್ಕೆ ಬಂದಾಗ ಮಾತ್ರ ಬಿಗಿಯಾಗುತ್ತಾನೆ. ಅರವತ್ತು ವರ್ಷದ ಲೆಕ್ಕವನ್ನು ಸರಿಯಾಗಿ ಹಾಕುತ್ತಾನೆ. ಮುದಿ ತಂದೆಯನ್ನು ಬಿಟ್ಟು ಹೋದ ಅಂತ ಜನ ಅನ್ನದಿರಲಿ ಎಂದೇ ಸಾವನ್ನು ಮೊದಲು ಬರೆದಿದೆ ಅನ್ನುತ್ತಾನೆ. ಬದುಕಿದ್ದವನನ್ನು ಸತ್ತ ಅಂದದ್ದು ಹೇಗೆ ಸರಿ? ದುಷ್ಟರು ಬದುಕಿರುವಾಗಲೂ ಸತ್ತವರೇ, ತೆರಹ ವಿಗ್ರಹಾರಾಧಕ. ಅಲ್ಲಿಗೆ ಮುಗಿಯಿತು. ಈ ಮಾತೂ ಬೆರೇಶಿತ್ ರಬ್ಬಾದಲ್ಲಿದೆ, ನಿಜ. ಆದರೆ ಅದರ ಪಕ್ಕದಲ್ಲೇ ಇದ್ದ ವಿನಾಯಿತಿಯ ಮಾತನ್ನು, ನಿನ್ನನ್ನು ಬಿಟ್ಟು ಇನ್ನಾರಿಗೂ ಇಲ್ಲ ಎಂಬ ಮಾತನ್ನು, ರಾಶಿ ಇಲ್ಲಿ ಎತ್ತಿಕೊಳ್ಳುವುದಿಲ್ಲ. ವ್ಯಾಖ್ಯಾನಕಾರನನ್ನು ಅಳೆಯುವಾಗ ಏನು ಹೇಳಿದ ಎಂಬುದರ ಜೊತೆಗೆ ಕೈಯಲ್ಲಿದ್ದ ಏನನ್ನು ಬಿಟ್ಟ ಎಂಬುದನ್ನೂ ನೋಡಬೇಕು. ಇಲ್ಲಿ ಬಿಟ್ಟದ್ದು ಹೆಚ್ಚು ಬೆಲೆಯದು.

ನಮ್ಮ ರಾಮಾಯಣದಲ್ಲಿ ಈ ತೊಂದರೆಯೇ ಇಲ್ಲ. ರಾಮ ಕಾಡಿಗೆ ಹೊರಟ ಕೆಲವೇ ದಿನಗಳಲ್ಲಿ ದಶರಥ ಸಾಯುತ್ತಾನೆ, ಮಗನ ಹೆಸರು ಹೇಳುತ್ತಲೇ ಸಾಯುತ್ತಾನೆ. ಕವಿ ಏನನ್ನೂ ಮುಚ್ಚಿಡುವುದಿಲ್ಲ. ಆದರೆ ದಶರಥನ ಹಾಗೆ ಕೂಡಲೇ ಸಾಯುವ ಅಪ್ಪಂದಿರು ಎಷ್ಟು ಜನ? ಹೆಚ್ಚಿನವರು ತೆರಹನ ಹಾಗೆ, ಮಗ ಹೋದ ಮೇಲೂ ಬಹಳ ಕಾಲ ಇರುತ್ತಾರೆ.

ರಾಶಿಗೆ ಸರಿಯಾದ ಉತ್ತರ ಕೊಟ್ಟವನು ಸ್ಪೇನಿನ ರಂಬಾನ್, ಅಂದರೆ ನಹ್ಮನಿಡೀಸ್, 1194ರಿಂದ 1270. ಇದು ಗ್ರಂಥದ ವಾಡಿಕೆ ಅಷ್ಟೇ ಅನ್ನುತ್ತಾನೆ. ಯಾವ ತಲೆಮಾರಿನಲ್ಲೂ ಅಪ್ಪನ ಕಥೆಯನ್ನು ಸಾವಿನವರೆಗೆ ಹೇಳಿ ಮುಗಿಸಿ, ಆಮೇಲೆ ಮಗನ ಕಥೆ ಶುರುಮಾಡುವುದು. ಇಬ್ಬರೂ ಒಟ್ಟಿಗೆ ಬದುಕಿದ್ದ ಕಾಲ ಎಷ್ಟೇ ಇರಲಿ. ನೋಹನ ಸಾವಿನ ಸುದ್ದಿ ಎಷ್ಟೋ ಹಿಂದೆಯೇ ಬಂದುಹೋಗಿದೆ, ಆದರೆ ಗ್ರಂಥದ ಅಂಕಿಗಳನ್ನೇ ಕೂಡಿಸಿದರೆ ನೋಹ ಸತ್ತಾಗ ಅಬ್ರಾಮನಿಗೆ 58 ವರ್ಷ. ಹಾಗಾಗಿ ತೆರಹನನ್ನು ದುಷ್ಟ ಅನ್ನಬೇಕಾದ ಅಗತ್ಯವೇ ಇಲ್ಲ. ಹೀಗೆ ಬರೆದ ರಂಬಾನನೇ ಮುಂದೆ, 1263ರ ಬಾರ್ಸಿಲೋನಾ ವಾಗ್ವಾದದ ನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸ್ಪೇನ್ ಬಿಡಬೇಕಾಯಿತು. 1267ರಲ್ಲಿ ಹಾಳುಬಿದ್ದ ಜೆರುಸಲೇಮಿನಿಂದ ಮಗನಿಗೆ ಕಾಗದ ಬರೆದ. ಇಲ್ಲಿ ಊರು ಬಿಟ್ಟವನು ಅಪ್ಪ, ಉಳಿದವನು ಮಗ.

ಹತ್ತೊಂಬತ್ತನೆಯ ಶತಮಾನದಿಂದ ಈಚಿನ ವಿದ್ವಾಂಸರು ಹೊಸ ಪ್ರಶ್ನೆ ಕೇಳಿದರು: ಇದನ್ನು ಬರೆದವರು ಯಾರು, ಯಾವಾಗ? ಸ್ಪಿನೋಜಾ 1670ರಲ್ಲಿ ತೆರೆದ ದಾರಿಯನ್ನು ಜರ್ಮನಿಯ ವೆಲ್‌ಹೌಸೆನ್ 1878ರ ಪುಸ್ತಕದಲ್ಲಿ ಹೆದ್ದಾರಿ ಮಾಡಿದ. ಆದಿಕಾಂಡ ಹಲವು ಕಾಲದ ಬರಹಗಳ ಹೆಣಿಗೆ, ವಯಸ್ಸಿನ ಅಂಕಿಗಳೆಲ್ಲ ಪುರೋಹಿತ ವರ್ಗದ ಬರಹಗಾರರವು, ಹೊರಡು ಎಂಬ ಆಜ್ಞೆ ಬೇರೊಂದು ಎಳೆಯದು. ಇಪ್ಪತ್ತನೆಯ ಶತಮಾನದ ಕೊನೆಗೆ ಕೆಲವರು ಇನ್ನೂ ಮುಂದೆ ಹೋದರು. ಜೆರುಸಲೇಮ್ ನಾಶವಾಗಿ ಬಾಬಿಲೋನಿಗೆ ಸೆರೆಹೋದ ಕಾಲದವರಿಗೆ ಈ ಕಥೆ ಹೇಳಿದ್ದಾದರೆ ಅದರ ದಿಕ್ಕೇ ಬದಲಾಗುತ್ತದೆ ಅಂದರು. ಬಾಬಿಲೋನಿನ ಸೀಮೆಯ ಊರ್ ಎಂಬಲ್ಲಿಂದ ಕಾನಾನಿಗೆ ಹೋಗುವುದೆಂದರೆ ಆ ಕೇಳುಗರ ಪಾಲಿಗೆ ಮನೆ ಬಿಡುವುದಲ್ಲ, ಮನೆಗೆ ಮರಳುವುದು. ಒಂದೇ ವಾಕ್ಯ ಒಬ್ಬರಿಗೆ ಹೋಗುವ ಗಾಡಿ, ಇನ್ನೊಬ್ಬರಿಗೆ ಬರುವ ಗಾಡಿ.

ಈ ವಿದ್ವಾಂಸರ ಹಾಗೆ ಪಠ್ಯವನ್ನು ನಿಧಾನವಾಗಿ ನೋಡುವ ಅಭ್ಯಾಸವಾದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಹನ್ನೊಂದನೆಯ ಅಧ್ಯಾಯದ 31ನೆಯ ವಾಕ್ಯ. ಊರ್ ಪಟ್ಟಣದಿಂದ ಕಾನಾನಿಗೆ ಹೋಗಬೇಕೆಂದು ಸಂಸಾರವನ್ನು ಕಟ್ಟಿಕೊಂಡು ಮೊದಲು ಹೊರಟವನು ತೆರಹನೇ! ಹಾರಾನಿನವರೆಗೆ ಬಂದ, ಅಲ್ಲೇ ನಿಂತ. ಮಗ ಮುಂದುವರಿಸಿದ್ದು ಅಪ್ಪ ಅರ್ಧಕ್ಕೆ ನಿಲ್ಲಿಸಿದ ದಾರಿಯನ್ನು. ಹಾಗಾದರೆ ಹಾರಾನ್ ತೆರಹನ ಮೂಲ ಊರಲ್ಲ, ಅವನೂ ಹೊರನಾಡಿಗನೇ. ನಮ್ಮ ಅಪ್ಪನೂ ಹಾಗೆಯೇ ಹಾವೇರಿ ಕಡೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ನಿಂತವರು. ನಾನು 'ಊರು' ಅನ್ನುವುದು ಅವರು ನಿಂತ ಜಾಗವನ್ನು.

ಇದನ್ನೆಲ್ಲ ಓದಿದ ಮೇಲೆ ನಮ್ಮ ಹೊರನಾಡ ಬರವಣಿಗೆಯ ಬಗ್ಗೆ ಒಂದು ಮಾತು ಹೇಳಬೇಕೆನಿಸುತ್ತದೆ. ನಾವು ಊರಿನ ಬಗ್ಗೆ ಬರೆಯುವಾಗ ಬಹುಮಟ್ಟಿಗೆ ಆದಿಕಾಂಡದ ವಾಡಿಕೆಯನ್ನೇ ಹಿಡಿಯುತ್ತೇವೆ. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ನಿಂತಿರುತ್ತಾರೆ, ಅವ್ವ ರೊಟ್ಟಿ ಬುತ್ತಿ ಕಟ್ಟಿಕೊಡುತ್ತಾಳೆ, ಗಾಡಿ ಹೊರಡುತ್ತದೆ. ಅಲ್ಲಿಂದಾಚೆಗೆ ಕಥೆ ಮುಂಬೈಯದು, ದೆಹಲಿಯದು, ನಮ್ಮದು. ಊರು ನೆನಪಾಗಿಬಿಡುತ್ತದೆ. ನೆನಪು ಎಂಬ ಪದ ಕೇಳಲು ಮಧುರ, ಆದರೆ ಬದುಕಿರುವವರನ್ನು ನೆನಪು ಅನ್ನುವುದು ಅವರನ್ನು ಮೊದಲೇ ಸಾಯಿಸಿದ ಹಾಗೆ. ರಾಶಿ ಬೈದು ಮಾಡಿದ್ದನ್ನು ನಾವು ಹೊಗಳಿ ಮಾಡುತ್ತೇವೆ.

ನಾನು ಹುಬ್ಬಳ್ಳಿ ಬಿಟ್ಟದ್ದು 1984ರಲ್ಲಿ. ಅಪ್ಪ ತೀರಿಕೊಂಡದ್ದು 2011ರಲ್ಲಿ. 27 ವರ್ಷ. ಆ ಅವಧಿಯಲ್ಲಿ ಅವರು ಹಿತ್ತಲಲ್ಲಿ ಎರಡು ಸಲ ಬಾವಿ ತೋಡಿಸಿದರು, ಓಣಿಯ ಭಜನಾ ಮಂಡಳಿಯ ಕಾರ್ಯದರ್ಶಿಯಾಗಿ ಒಂದು ರೂಪಾಯಿಗೂ ರಸೀದಿ ಹರಿದರು, ಅರವತ್ತೆಂಟರಲ್ಲಿ ಸೈಕಲ್ ಬಿಟ್ಟು ಮತ್ತೆ ಎಪ್ಪತ್ತರಲ್ಲಿ ಹಿಡಿದರು, ಕಣ್ಣಿನ ಆಪರೇಷನ್ ಆದ ಮೇಲೆ ಪಂಚಾಂಗ ಓದುವುದು ಬಿಟ್ಟು ಕ್ರಿಕೆಟ್ ನೋಡತೊಡಗಿದರು. ನನ್ನ ನೆನಪಿನ ಅಪ್ಪನಿಗೆ ಕ್ರಿಕೆಟ್ ಅಂದರೆ ಆಗುತ್ತಿರಲಿಲ್ಲ. ಆಮೇಲಿನ ಅಪ್ಪ ನನ್ನ ತಮ್ಮನಿಗೆ ಗೊತ್ತಿದ್ದವರು. ಇದೆಲ್ಲ ಅವನು ಹೇಳಿದ್ದು, ಒಮ್ಮೆಗೆ ಒಂದು ತುಣುಕು, ಹೆಚ್ಚಾಗಿ ಫೋನಿನಲ್ಲಿ.

ಅಬ್ರಾಮನಿಗೂ ಅಂಥ ತಮ್ಮನೊಬ್ಬನಿದ್ದ, ನಾಹೋರ. ಇಪ್ಪತ್ತೆರಡನೆಯ ಅಧ್ಯಾಯದ ಕೊನೆಯಲ್ಲಿ ಅವನ ಕಡೆಯಿಂದ ಸುದ್ದಿ ಬರುತ್ತದೆ: ನಾಹೋರನಿಗೆ ಹನ್ನೆರಡು ಮಕ್ಕಳು. ಅಪ್ಪನ ವಿಷಯ ಅದರಲ್ಲಿಲ್ಲ. ಮಗ ಇಸಾಕನಿಗೆ ನಲವತ್ತಾದಾಗ ಹೆಣ್ಣು ತರಲು ಅಬ್ರಹಾಮ ಆಳನ್ನು ಕಳಿಸುವುದೂ ನಾಹೋರನ ಊರಿಗೇ. ಅಂಕಿ ಕೂಡಿಸಿದರೆ ಆಗ ತೆರಹ ಸತ್ತು ಐದೇ ವರ್ಷ. ಮೊಮ್ಮಗನಿಗೆ 35 ತುಂಬುವವರೆಗೂ ಅಜ್ಜ ಬದುಕಿದ್ದ. ಆ ಅಜ್ಜ ಏನು ತಿಂದ, ಯಾರ ಕೈಹಿಡಿದು ನಡೆದ ಅಂತ ಬರೆಯಲು ಅಬ್ರಹಾಮನಿಗೆ ಸಾಧ್ಯವಿರಲಿಲ್ಲ, ಅವನು ಅಲ್ಲಿರಲಿಲ್ಲ. ಅದು ನಾಹೋರ ಬರೆಯಬೇಕಾಗಿದ್ದ ಅಧ್ಯಾಯ. ಊರಲ್ಲೇ ಉಳಿದು ಇದನ್ನು ಓದುತ್ತಿರುವ ನಿಮ್ಮಲ್ಲಿ ನಾಹೋರರು ಬಹಳ ಜನ ಇದ್ದೀರಿ. ನಮ್ಮ ನೆನಪುಗಳನ್ನು ಓದಿ ಮೆಚ್ಚಿದ್ದು ಸಾಕು, ನಾವು ಹೊರಟ ಮೇಲಿನ ವರ್ಷಗಳನ್ನು ನೀವು ಬರೆಯಿರಿ. ಸಂಜೆ ಏಳಕ್ಕೆ ಓದಲು ನಮಗೆ ಬಿಡುವಿದೆ.